ದಾನಿಗಳ ನೀ ಕ್ಯಾಪು

ಆ ಹುಡುಗಿಯ ಮೊಣಕಾಲಿಗೆ ನನಗಿಂತ ಮೊದಲೇ ಮೂರು ಕಡೆ ಉಪಚಾರ ಆಗಿಹೋಗಿತ್ತು. ಔಷಧಿ ಅಂಗಡಿಯವನು ಹುಳುಕಡ್ಡಿ ಎಂದು ಒಂದು ಟ್ಯೂಬು ಕೊಟ್ಟಿದ್ದ. ಓಣಿಯ ಹೆಂಗಸೊಬ್ಬಳು ಸರ್ಪಸುತ್ತು ಎಂದು ಕೆಮ್ಮಣ್ಣು ಬಳಿದಿದ್ದಳು. ಶಾಲೆಯಲ್ಲಿ ಗಾಳಿ ತಾಗಬಾರದೆಂದು ಅದರ ಮೇಲೆ ಕಂದು ಬಣ್ಣದ ಅಂಟುಪಟ್ಟಿ ಸುತ್ತಿದ್ದರು. ಪಟ್ಟಿ ಬಿಚ್ಚಿದರೆ ಅದರ ಜೊತೆಗೆ ಚರ್ಮವೂ ಎದ್ದು ಬರುತ್ತಿತ್ತು. ಹುಡುಗಿ ಹಲ್ಲು ಕಚ್ಚಿಕೊಂಡು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ನಾನು ಬೈಯುತ್ತಲೇ ಬಿಚ್ಚುತ್ತಿದ್ದೆ. ಕೊಟ್ಟೂರಿನಲ್ಲಿ ಚರ್ಮರೋಗದ ಕ್ಲಿನಿಕ್ ತೆರೆದು ನನಗೆ ಇನ್ನೂ ವರ್ಷ ತುಂಬಿರಲಿಲ್ಲ, ಆದರೆ ನನ್ನ ಬಾಯಿ ಎಂಥದೆಂದು ಊರಿಗೆಲ್ಲ ಗೊತ್ತಾಗಿತ್ತು.

"ಬೈಯೂದಿದ್ರ ನನ್ನ ಬೈರಿ ಮೇಡಂ, ಆಕಿನ್ನ ಬ್ಯಾಡ. ಪಟ್ಟಿ ಸುತ್ತಿದಾಕಿ ನಾನ," ಎಂದಳು ಜೊತೆಗೆ ಬಂದಿದ್ದ ಪಿ.ಟಿ. ಟೀಚರು. ಉದ್ದನೆಯ ಒಣಕಲು ಹೆಂಗಸು, ಕೊರಳಲ್ಲಿ ತಾಳಿಯ ಜೊತೆಗೆ ಸೀಟಿಯೂ ನೇತಾಡುತ್ತಿತ್ತು. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಕಬಡ್ಡಿ ತಂಡ ಕಟ್ಟಿದವಳು ಅವಳೇ. ಈ ಹುಡುಗಿ ಆ ತಂಡದ ರೈಡರು, ಅಂದರೆ ಎದುರಾಳಿಗಳ ಅಂಕಣಕ್ಕೆ ನುಗ್ಗಿ ಮುಟ್ಟಿ ಬರುವವಳು.

ಪಟ್ಟಿಯೆಲ್ಲ ಹೋಗಿ ಕೆಮ್ಮಣ್ಣನ್ನು ತೊಳೆದ ಮೇಲೆ ನಿಜವಾದ ರೋಗ ಕಣ್ಣಿಗೆ ಬಿತ್ತು. ಎರಡೂ ಮೊಣಕಾಲಿನ ಸುತ್ತ ಕೆಂಪಗೆ ಉಬ್ಬಿ, ನೀರುಗುಳ್ಳೆ ಎದ್ದು ಸೋರುತ್ತಿತ್ತು. ಮೇಲೊಂದು ಕೆಳಗೊಂದು ಗೆರೆ ಎಳೆದು ಅಷ್ಟರೊಳಗೇ ಬಣ್ಣ ತುಂಬಿದ ಹಾಗಿತ್ತು. ಹುಳುಕಡ್ಡಿ ದುಂಡಗೆ ಹರಡುತ್ತದೆ. ಸರ್ಪಸುತ್ತು ಒಂದೇ ಮಗ್ಗುಲಿಗೆ ಬರುತ್ತದೆ. ಎರಡೂ ಕಾಲಿಗೆ ಒಂದೇ ಅಳತೆಯಲ್ಲಿ ನೇರ ಅಂಚಿಟ್ಟುಕೊಂಡು ಬಂದದ್ದು ಮೈಯೊಳಗಿಂದ ಬಂದದ್ದಲ್ಲ, ಹೊರಗಿನಿಂದ ಏನೋ ತಾಗಿ ಆದದ್ದು.

"ಇಲ್ಲಿ ಏನು ಹಾಕ್ಕೊಂತಿ?" ಎಂದು ಕೇಳಿದೆ.

"ನೀ ಕ್ಯಾಪ್ರಿ. ಹೊಸಾವು," ಎಂದಳು ಹುಡುಗಿ.

ಟೀಚರು ಚೀಲದಿಂದ ಒಂದು ಜೊತೆ ತೆಗೆದು ಮೇಜಿನ ಮೇಲಿಟ್ಟಳು. ಆಡುವಾಗ ಮೊಣಕಾಲಿಗೆ ತೊಡುವ ಕಪ್ಪು ಬಣ್ಣದ ಎಲಾಸ್ಟಿಕ್ ಚೀಲ, ಮುಂದೆ ಸ್ಪಂಜಿನ ದಿಂಬು, ದಿಂಬಿನ ಮೇಲೆ ಹಳದಿ ಅಕ್ಷರದಲ್ಲಿ ಒಂದು ಶೇಂಗಾ ಎಣ್ಣೆ ಮಿಲ್ಲಿನ ಹೆಸರು. ಮಿಲ್ಲಿನ ಸಾಹುಕಾರರು ಶಾಲಾ ಸಮಿತಿಯ ಅಧ್ಯಕ್ಷರು. ತಂಡ ತಾಲೂಕು ಮಟ್ಟದಲ್ಲಿ ಗೆದ್ದದ್ದಕ್ಕೆ ಮೆಚ್ಚಿ, ದೇವರ ಮುಂದೆ ಇಟ್ಟು ಪೂಜೆ ಮಾಡಿಸಿ, ಎಲ್ಲರೆದುರಿಗೆ ಒಬ್ಬೊಬ್ಬ ಹುಡುಗಿಯ ಕೈಗೂ ಕೊಟ್ಟಿದ್ದರಂತೆ. ಮೂಗಿನ ಹತ್ತಿರ ಹಿಡಿದೆ. ಸೈಕಲ್ ಪಂಕ್ಚರ್ ಅಂಗಡಿಯ ವಾಸನೆ ಗಮ್ಮೆಂದು ಬಂತು.

"ಇವನ್ನು ಇನ್ನು ಮುಟ್ಟಬಾರದು," ಎಂದೆ.

"ಆಟ ಬಿಡಬೇಕೇನ್ರಿ?" ಎಂದಳು ಹುಡುಗಿ. ಅಲ್ಲಿಯವರೆಗೆ ಮಾಡಿದ ನೋವಿಗೆಲ್ಲ ಸುಮ್ಮನಿದ್ದವಳು ಆಗ ಕಿಟಕಿ ಬಿಟ್ಟು ನನ್ನ ಕಡೆ ತಿರುಗಿದಳು.

ಟೀಚರು ವಿವರಿಸಿದಳು. "ಮುಂದ ಬಳ್ಳಾರ್ಯಾಗ ಸೆಲೆಕ್ಷನ್ ಐತ್ರಿ. ಅದರಾಗ ಹೆಸರು ಬಂತಂದ್ರ ಸ್ಪೋರ್ಟ್ಸ್ ಹಾಸ್ಟೆಲ್ ಸಿಗತೈತಿ. ಊಟ, ಓದು, ಆಟ ಎಲ್ಲಾ ಅಲ್ಲೇ. ಇಲ್ಲಾಂದ್ರ ಎಸ್ಸೆಸ್ಸೆಲ್ಸಿ ಆದ ಕೂಡ್ಲೇ ಮನ್ಯಾಗ ಕುಂದ್ರಸ್ತಾರ. ಈಕಿ ಕಾಲಿನ್ಯಾಗ ಏನು ಐತಿ ಅಂತ ನೀವು ನೋಡಿಲ್ಲ ಮೇಡಂ."

ಆಟ ಬಿಡುವುದು ಬೇಡ, ನೀ ಕ್ಯಾಪು ಬಿಡು ಎಂದೆ. ಪರ್ಮಾಂಗನೇಟಿನ ಹರಳನ್ನು ನೀರಿಗೆ ಹಾಕಿ, ತಿಳಿ ಗುಲಾಬಿ ಬಣ್ಣ ಬಂದ ಮೇಲೆ ಹಳೆಯ ಧೋತರದ ಬಟ್ಟೆ ಅದ್ದಿ ಮೊಣಕಾಲಿನ ಮೇಲೆ ಇಡಬೇಕು. ಸೋರುವುದು ನಿಂತ ಮೇಲೆ ಮುಲಾಮು. ಅಂಟುಪಟ್ಟಿ, ಎಲಾಸ್ಟಿಕ್ ಬ್ಯಾಂಡೇಜು ಯಾವುದೂ ಹತ್ತಿರ ಬರಬಾರದು, ಅವುಗಳಲ್ಲೂ ಇಂಥದೇ ರಬ್ಬರು, ಅಂಟು ಇರುತ್ತದೆ. ಹುಡುಗಿ ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದಳು. ಮುಂದಿನ ವಾರಕ್ಕೆ ಗುಳ್ಳೆಗಳು ಒಣಗಿ, ಅದರ ಮುಂದಿನ ವಾರಕ್ಕೆ ಹೊಪ್ಪಳಿಕೆ ಉದುರಿತು. ಟೀಚರು ಖುಷಿಯಿಂದ ಒಂದು ಮಾರು ಮಲ್ಲಿಗೆ ತಂದು ಕೊಟ್ಟು ಹೋದಳು. ನಾನೂ ಕೇಸು ಮುಗಿಯಿತೆಂದುಕೊಂಡೆ.

ಆಮೇಲೊಂದು ದಿನ ಬೆಳಿಗ್ಗೆ ಬಾಗಿಲು ತೆರೆಯುವಷ್ಟರಲ್ಲಿ ಇಬ್ಬರೂ ಮೆಟ್ಟಿಲ ಮೇಲೆ ಕೂತಿದ್ದರು. ಹುಡುಗಿಯ ಎರಡೂ ಮೊಣಕಾಲು ಊದಿ ತೆಂಗಿನಕಾಯಿಯಷ್ಟಾಗಿದ್ದವು. ಮಡಚಲು ಬರುತ್ತಿರಲಿಲ್ಲ. ಗುಳ್ಳೆಗಳು ಈ ಸಲ ತೊಡೆಯವರೆಗೂ ಹತ್ತಿದ್ದವು.

"ಹಾಕ್ಕೊಂಡೀರಿ!" ಎಂದು ಕೂಗಿದೆ.

"ಒಂದ ಸಂಜಿ ಮೇಡಂ," ಟೀಚರು ತಲೆ ತಗ್ಗಿಸಿದಳು. "ಸಾವ್ಕಾರ್ರಿಗೆ ಸನ್ಮಾನ ಇತ್ತು. ಹುಡುಗ್ಯಾರು ಎಲ್ಲಾ ನೀ ಕ್ಯಾಪ್ ಹಾಕ್ಕೊಂಡು ಸಾಲಾಗಿ ನಿಂತು ಫೋಟೊ ತಗೀಬೇಕಿತ್ತು. ಈಕಿ ಒಬ್ಬಾಕಿ ಬರೇ ಮಣಕಾಲಿನ್ಯಾಗ ನಿಂತಿದ್ಲು. ಕೊಟ್ಟವರ ಮುಂದ ಹಾಕ್ಕೊಳ್ಳಲಿಲ್ಲಂದ್ರ ಅವರಿಗೆ ಅವಮಾನ ಮಾಡಿದಂಗ ಅಂತ ಹೆಡ್‍ಮೇಡಂ ಅಂದ್ರು. ಫೋಟೊ ಆದ ಮ್ಯಾಲೂ ಭಾಷಣ ಮುಗಿಯೂತನ ಬಿಚ್ಚಲಿಲ್ಲ."

ನಮ್ಮ ಕಡೆ ದಾನ ಕೊಟ್ಟವರ ಹೆಸರು ಗೋಡೆ ಗಡಿಯಾರದಿಂದ ಕುಡಿಯುವ ನೀರಿನ ತೊಟ್ಟಿಯವರೆಗೂ ಇರುತ್ತದೆ. ಅದಕ್ಕೆ ನನ್ನ ತಕರಾರಿಲ್ಲ. ಗಡಿಯಾರ ಯಾರ ಮೈಗೂ ಹತ್ತುವುದಿಲ್ಲ. ಈ ಹೆಸರು ಹುಡುಗಿಯ ಮೊಣಕಾಲಿಗೆ ಹತ್ತಿತ್ತು, ಅದನ್ನು ಬಿಚ್ಚಿಡಲು ಒಬ್ಬರಿಗೂ ಧೈರ್ಯ ಇರಲಿಲ್ಲ. ಅವತ್ತು ನನಗೆ ಎಷ್ಟು ಸಿಟ್ಟು ಬಂದಿತ್ತೆಂದರೆ ಕಾಯುತ್ತಿದ್ದ ರೋಗಿಗಳನ್ನು ಹಾಗೇ ಬಿಟ್ಟು ನೇರವಾಗಿ ಮಿಲ್ಲಿಗೆ ಹೋದೆ.

ಸಾಹುಕಾರರು ಕೆಟ್ಟವರಲ್ಲ. ಕುರ್ಚಿ ಹಾಕಿಸಿದರು, ಚಹಾ ತರಿಸಿದರು, ನಾನು ಹೇಳಿದ್ದನ್ನೆಲ್ಲ ತಲೆಯಾಡಿಸುತ್ತಾ ಕೇಳಿದರು. ಆಮೇಲೆ ಬಹಳ ಸಮಾಧಾನದಿಂದ ಅಂದರು: "ತಂಡದಾಗ ಅಷ್ಟೂ ಹುಡುಗ್ಯಾರು ಹಾಕ್ಕೊಂಡಾರಲ್ರಿ ಡಾಕ್ಟ್ರ. ಉಳಿದವರಿಗೆ ಏನೂ ಆಗಿಲ್ಲ. ಮಾಲು ಕೆಟ್ಟಿದ್ರ ಎಲ್ಲರಿಗೂ ಆಗಬೇಕಿತ್ತು. ಆಕಿ ಮೈಯಾಗ ಏನರ ಐತೇನೋ, ನೋಡ್ರಿ."

ಅಲರ್ಜಿ ಎಂದರೆ ಹಾಗೇ, ಒಬ್ಬರಿಗೆ ಆಗುತ್ತದೆ, ಹತ್ತು ಮಂದಿಗೆ ಆಗುವುದಿಲ್ಲ ಎಂದು ಹೇಳಿದೆ. ಅವರು ಮತ್ತೆ ತಲೆಯಾಡಿಸಿದರು. ನನ್ನ ಮಾತು ಅವರ ಕಿವಿಯವರೆಗೂ ಹೋಗಿ ಅಲ್ಲಿಂದಲೇ ವಾಪಸು ಬಂದಿತ್ತು.

ಸಾಹುಕಾರರ ಮಾತು ನನಗಿಂತ ಮೊದಲೇ ಶಾಲೆ ಸೇರಿತು. "ಆಕಿ ಮೈಯಾಗ ಏನೋ ಐತಿ" ಎಂಬುದು ಎರಡು ಓಣಿ ದಾಟುವಷ್ಟರಲ್ಲಿ ದೊಡ್ಡರೋಗವಾಯಿತು. ದೊಡ್ಡರೋಗ ಎಂದರೆ ಕುಷ್ಠ, ಆ ಹೆಸರನ್ನು ಬಾಯಿಬಿಟ್ಟು ಅನ್ನುವುದಿಲ್ಲ. ಬಳ್ಳಾರಿಗೆ ಹೋದಾಗ ಹುಡುಗಿಯರು ಒಂದೇ ಕೋಣೆಯಲ್ಲಿ ಮಲಗಬೇಕು. ಉಳಿದ ಹುಡುಗಿಯರ ತಾಯಂದಿರು ತಕರಾರು ಎತ್ತಿದರು. ರೋಗ ಏನೆಂದು ಸಾಬೀತು ಮಾಡಿ ಸರ್ಟಿಫಿಕೇಟು ಕೊಟ್ಟರೆ ಮಾತ್ರ ಕಳಿಸುವುದಾಗಿ ಹೆಡ್‍ಮೇಡಂ ಹೇಳಿ ಕಳಿಸಿದರು. ಬಾಯಿಮಾತಿನಿಂದ ಇನ್ನು ಆಗುವುದಿಲ್ಲ, ಪರೀಕ್ಷೆ ಮಾಡಿಯೇ ತೋರಿಸಬೇಕು ಎಂದು ತೀರ್ಮಾನಿಸಿದೆ.

ಆ ಪರೀಕ್ಷೆಗೆ ಪ್ಯಾಚ್ ಟೆಸ್ಟ್ ಎನ್ನುತ್ತಾರೆ. ದೊಡ್ಡ ಆಸ್ಪತ್ರೆಗಳಲ್ಲಿ ಅದಕ್ಕೆಂದೇ ತಯಾರಿಸಿದ ರಾಸಾಯನಿಕಗಳ ಪೆಟ್ಟಿಗೆ ಇರುತ್ತದೆ. ಕೊಟ್ಟೂರಿನಲ್ಲಿ ನನ್ನ ಹತ್ತಿರ ಇದ್ದದ್ದು ಕತ್ತರಿ, ಇಕ್ಕಳ ಮತ್ತು ನೀ ಕ್ಯಾಪು. ಮೊದಲು ಊತ ಇಳಿಯುವವರೆಗೆ ಕಾಯಬೇಕಾಯಿತು, ಉರಿಯುತ್ತಿರುವ ಮೈಯ ಮೇಲೆ ಪರೀಕ್ಷೆ ಮಾಡಿದರೆ ಎಲ್ಲವೂ ಕೆಂಪಾಗಿ ಕಾಣುತ್ತದೆ. ಕಾಯುತ್ತಿರುವಾಗ ನೀ ಕ್ಯಾಪನ್ನು ಪದರ ಪದರವಾಗಿ ಬಿಡಿಸಿದೆ. ಹೊರಗಿನ ಬಟ್ಟೆ, ಎಲಾಸ್ಟಿಕ್ಕಿನ ದಾರ, ಸ್ಪಂಜು, ಸ್ಪಂಜನ್ನೂ ಬಟ್ಟೆಯನ್ನೂ ಕೂಡಿಸಿದ ಕಂದು ಬಣ್ಣದ ಅಂಟು. ಪ್ರತಿಯೊಂದರಲ್ಲೂ ಉಗುರಿನಗಲದ ಚೂರು ಕತ್ತರಿಸಿ, ಒದ್ದೆ ಮಾಡಿ, ಹುಡುಗಿಯ ಬೆನ್ನಿನ ಮೇಲೆ ಸಾಲಾಗಿ ಇಟ್ಟು ಕಾಗದದ ಟೇಪು ಅಂಟಿಸಿದೆ. ಯಾವುದರ ಜಾಗ ಯಾವುದೆಂದು ಗೊತ್ತಾಗಲು ಪೆನ್ನಿನಿಂದ ಸುತ್ತ ಗುರುತು ಹಾಕಿದೆ. ಎರಡು ದಿನ ಹಾಗೇ ಇರಬೇಕು, ಬಿಚ್ಚಿದ ಮೇಲೂ ಮತ್ತೆರಡು ದಿನ ನೋಡಬೇಕು. ಬೆವರಬಾರದು, ಬೆನ್ನಿಗೆ ನೀರು ತಾಗಬಾರದು.

ಮರುದಿನವೇ ಹುಡುಗಿ ಬಂದಳು. ಮಡಚಿದ ಕಾಗದದಲ್ಲಿ ಒದ್ದೆ ಚೂರುಗಳೆಲ್ಲ ಇದ್ದವು.

"ಅಜ್ಜಿ ಜಳಕ ಮಾಡ್ಸಿದ್ಲು," ಎಂದಳು. "ಬ್ಯಾಡ ಅಂದೆ. ಕೇಳಲಿಲ್ರಿ."

ಹುಡುಗಿಯ ತಂದೆಗೆ ಹಿಟ್ಟಿನ ಗಿರಣಿ ಇತ್ತು. ಅವನು ಮಾತಾಡುವುದು ಕಡಿಮೆ, ಮನೆಯಲ್ಲಿ ಮಾತೆಲ್ಲ ಅವನ ತಾಯಿಯದೇ. ಲಿಂಗ ಕಟ್ಟಿಕೊಂಡ ಮನೆ, ಬೆಳಿಗ್ಗೆ ಜಳಕ ಮಾಡಿ ಅಂಗೈಯಲ್ಲಿ ಇಷ್ಟಲಿಂಗ ಇಟ್ಟು ಪೂಜೆ ಮುಗಿಸದೆ ಯಾರೂ ಬಾಯಿಗೆ ಏನೂ ಹಾಕುವುದಿಲ್ಲ. ನಾನು ಹೋದಾಗ ಅಜ್ಜಿ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಾ ಕೂತಿದ್ದಳು.

"ಅಜ್ಜಿ, ನಾಲ್ಕು ದಿನ ಈಕಿ ಬೆನ್ನಿಗೆ ನೀರು ಬೀಳಬಾರದು."

"ಮತ್ತ ಪೂಜಿ?"

"ನಾಲ್ಕು ದಿನ ಬಿಡ್ಲಿ."

ಅಜ್ಜಿ ಮೊರವನ್ನು ಕೆಳಗಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನೀನೂ ನಮ್ಮ ಪೈಕಿನ ಅಂತಲ್ಲ, ಡಾಕ್ಟ್ರವ್ವ. ನಿನ್ನ ಕೊರಳಾಗ ಐತೇನು?"

"ಬೀರುನಾಗ ಐತ್ರಿ," ಎಂದೆ.

"ಬೀರು ಪೂಜಿ ಮಾಡ್ತೈತೇನು ಮತ್ತ?" ಎಂದಳು. ಬಾಗಿಲಲ್ಲಿ ನಿಂತಿದ್ದ ಹುಡುಗಿ ಫಕ್ಕನೆ ನಕ್ಕಳು. ಅವಳು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಬೈಯಲು ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಅಲ್ಲಿ ಬೈದರೆ ಕೆಲಸ ಕೆಡುತ್ತಿತ್ತು. "ಅಜ್ಜಿ, ಮನ್ಯಾಗ ಯಾರಿಗರ ಜ್ವರ ಬಂದು ಮಲಗಿದ್ರ ಏನು ಮಾಡ್ತೀರಿ? ಜಳಕ ಮಾಡಸ್ತೀರೇನು?" ಎಂದು ಕೇಳಿದೆ. ಅಜ್ಜಿ ಜೋಳದಲ್ಲಿದ್ದ ಕಲ್ಲೊಂದನ್ನು ಆರಿಸಿ ಎಸೆದಳು. "ಜಡ್ಡಿನವರಿಗೆ ಭಸ್ಮ ಸ್ನಾನ ನಡೀತೈತಿ," ಎಂದಳು. "ಕೈಕಾಲು ಮಾರಿ ತೊಳದು, ಮೈಗೆ ಇಬತ್ತಿ ಧರಿಸಿದ್ರ ಜಳಕ ಮಾಡಿದಂಗ. ಆದ್ರ ಈಕಿ ಜಡ್ಡಿನಾಕಿ ಅಂತ ನಾ ಒಪ್ಪಬೇಕಲ್ಲ. ಒಪ್ಪಿದ್ರ ಊರ ಮಂದಿ ಅಂದದ್ದು ಖರೇ ಆಗತೈತಿ."

ಅಜ್ಜಿಯ ಹಟದ ಒಳಗೆ ಏನಿತ್ತೆಂದು ಆಗ ತಿಳಿಯಿತು. ಮೊಮ್ಮಗಳಿಗೆ ರೋಗವಿಲ್ಲ ಎಂದು ತೋರಿಸಲೆಂದೇ ಅವಳು ದಿನಾ ಓಣಿಗೆ ಕಾಣುವಂತೆ ಜಳಕ ಮಾಡಿಸಿ ಪೂಜೆಗೆ ಕೂರಿಸುತ್ತಿದ್ದಳು. ನಾನು ಪಕ್ಕದಲ್ಲಿ ಕೂತು, ರೋಗವಿಲ್ಲ ಎಂದು ತೋರಿಸಲಿಕ್ಕೇ ಈ ಪರೀಕ್ಷೆ, ಅದು ಮುಗಿದರೆ ಮಾತಾಡುವವರ ಬಾಯಿ ಮುಚ್ಚುತ್ತದೆ ಎಂದು ಹೇಳಿದೆ. ಹಾಗೆಂದು ಆಗ ನಿಜವಾಗಿಯೂ ನಂಬಿದ್ದೆ. ಅಜ್ಜಿ ಒಪ್ಪಿದಳು. ಎರಡನೆಯ ಸಲ ಚೂರುಗಳನ್ನು ಅಂಟಿಸಿದ ಮೇಲೆ ನಾಲ್ಕೂ ದಿನ ಹುಡುಗಿಗೆ ಭಸ್ಮ ಸ್ನಾನವೇ ಆಯಿತು. ಬೆನ್ನಿನ ಗುರುತು ಅಳಿಸಬಾರದೆಂದು ಅಜ್ಜಿ ಅವಳನ್ನು ಬೋರಲು ಮಲಗಿಸಿ, ಪಕ್ಕದಲ್ಲಿ ತಾನೂ ಮಲಗಿದ್ದಳಂತೆ.

ಚೂರುಗಳು ಸುಮ್ಮನೆ ಚುಚ್ಚಿ ಕೆಂಪಾಗುವಂಥವಲ್ಲ ಎಂದು ಖಚಿತ ಮಾಡಿಕೊಳ್ಳಲು ಅವೇ ಚೂರುಗಳನ್ನು ನನ್ನ ತೋಳಿಗೂ ಟೀಚರಿನ ಬೆನ್ನಿಗೂ ಅಂಟಿಸಿದ್ದೆ. ರೋಗವಿಲ್ಲದವರ ಮೇಲೂ ನೋಡುವುದು ಪರೀಕ್ಷೆಯ ಕ್ರಮ. ಎರಡು ದಿನ ಕಳೆದು ಬಿಚ್ಚಿದಾಗ ಹುಡುಗಿಯ ಬೆನ್ನಿನ ಮೇಲೆ ಬಟ್ಟೆಯ ಜಾಗ ಚೊಕ್ಕಟ, ಸ್ಪಂಜಿನ ಜಾಗ ಚೊಕ್ಕಟ, ಎಲಾಸ್ಟಿಕ್ಕಿನದೂ ಚೊಕ್ಕಟ. ಅಂಟಿನ ಚೂರಿದ್ದಲ್ಲಿ ಮಾತ್ರ ಕೆಂಪು ಚೌಕ. ನಾಲ್ಕನೆಯ ದಿನಕ್ಕೆ ಆ ಚೌಕ ಉಬ್ಬಿ ಅದರೊಳಗೆ ಸಣ್ಣ ಗುಳ್ಳೆಗಳು ತುಂಬಿದ್ದವು. ನನಗೂ ಟೀಚರಿಗೂ ಏನೂ ಆಗಿರಲಿಲ್ಲ. ಇದಕ್ಕಿಂತ ಸ್ಪಷ್ಟವಾದ ಫಲಿತಾಂಶ ಪುಸ್ತಕದಲ್ಲೂ ಸಿಗುವುದಿಲ್ಲ. ನಾನು ಚಿಕ್ಕ ಹುಡುಗಿಯಂತೆ ಕುಣಿಯುವುದೊಂದು ಬಾಕಿ.

ಇದು ಅಂಟುರೋಗವಲ್ಲ, ನೀ ಕ್ಯಾಪಿನ ಅಂಟಿಗೆ ಆದ ಅಲರ್ಜಿ ಎಂದು ದಪ್ಪ ಅಕ್ಷರದಲ್ಲಿ ಕನ್ನಡದಲ್ಲೇ ಸರ್ಟಿಫಿಕೇಟು ಬರೆದೆ. ಟೀಚರನ್ನು ಕರೆದುಕೊಂಡು ಮತ್ತೆ ಮಿಲ್ಲಿಗೆ ಹೋದೆ. ಹೆಡ್‍ಮೇಡಂ ಕೂಡ ಅಲ್ಲೇ ಇದ್ದರು. ನನ್ನ ತೋಳು ತೋರಿಸಿ ಎಲ್ಲ ವಿವರಿಸಿದೆ.

ಸಾಹುಕಾರರ ಮುಖ ಅರಳಿತು. "ನೀವೂ ಹಚ್ಚಿಕೊಂಡು ನೋಡೀರಿ, ಟೀಚರೂ ಹಚ್ಚಿಕೊಂಡು ನೋಡ್ಯಾರ. ಇಬ್ಬರಿಗೂ ಏನೂ ಆಗಿಲ್ಲ. ನಾ ಮೊದಲ ಅಂದಿದ್ದಿಲ್ಲೇನ್ರಿ, ಮಾಲು ಚಲೋ ಐತಿ ಅಂತ?" ಎಂದರು. ಹೆಡ್‍ಮೇಡಂ ಕಡೆ ತಿರುಗಿ, "ಡಾಕ್ಟ್ರೇ ಪರೀಕ್ಷಾ ಮಾಡಿ ಹೇಳ್ಯಾರ, ಬರಕೊಳ್ರಿ," ಎಂದರು.

ನನ್ನ ಜಾಗರೂಕತೆಯೇ ನನಗೆ ತಿರುಗುಬಾಣವಾಯಿತು. ಉಳಿದ ಹುಡುಗಿಯರಿಗೂ ನಾಳೆ ಆಗಬಹುದು, ಈ ಅಂಟು ಅಂಥದು ಎಂದು ಕೂಗಾಡಿದೆ. ಹಾಗಾದರೆ ಬೇಡ ಬಿಡಿ, ವಾಪಸು ಕೊಡಿ ಎಂದು ಅವರು ಸಮಾಧಾನದಿಂದಲೇ ಒಪ್ಪಿದರು. ವಾಪಸು ಬಂದವು ಹಡಗಲಿ ಕಡೆಯ ಒಂದು ಶಾಲೆಗೆ ದಾನವಾಗಿ ಹೋದವೆಂದು ನನಗೆ ಆಮೇಲೆ ತಿಳಿಯಿತು. ಆ ಶಾಲೆಗೆ ಫೋನು ಮಾಡಿದೆ. "ಪುಕ್ಕಟೆ ಕೊಟ್ಟದ್ದು ಬ್ಯಾಡ ಅನ್ನಾಕ ಆಗತೈತೇನ್ರಿ ಅಮ್ಮಾರ?" ಎಂದು ಅಲ್ಲಿನ ಹೆಡ್‍ಮಾಸ್ತರು ಫೋನಿಟ್ಟರು.

ಅಷ್ಟಾದರೂ ಸರ್ಟಿಫಿಕೇಟು ಕೆಲಸ ಮಾಡಿತು, ಹುಡುಗಿಗೆ ಬಳ್ಳಾರಿಗೆ ಹೋಗಲು ಅಪ್ಪಣೆ ಸಿಕ್ಕಿತು. ಟೀಚರು ಶಾಲೆಯ ಹಿಂದಿನ ಬಯಲಿನಲ್ಲಿ ಅವಳನ್ನು ಬೆಳಗಾದರೆ ಸಂಜೆಯಾದರೆ ಆಡಿಸತೊಡಗಿದಳು. ಮೊಣಕಾಲಿಗೆ ಏನಾದರೂ ಬೇಕಲ್ಲ, ಹೊಸದಾಗಿ ಬಂದ ಎಳೆ ಚರ್ಮ ಮತ್ತೆ ತರಚಬಾರದು. ಬಸ್‌ಸ್ಟ್ಯಾಂಡಿನ ಹತ್ತಿರ ಟೈಲರಿಂಗ್ ಮಾಡುವ ಚಾಚಾನಿಗೆ ನಾನೇ ಹೇಳಿ ಖಾದಿ ಬಟ್ಟೆಯೊಳಗೆ ಅರಳೆ ತುಂಬಿಸಿ ಪುಟ್ಟ ದಿಂಬು ಹೊಲಿಸಿದೆ. ರಬ್ಬರಿಲ್ಲ, ಅಂಟಿಲ್ಲ, ಹಿಂದೆ ಕಟ್ಟಲು ಲಂಗದ ಲಾಡಿ. "ಮೇಡಂ, ಇಷ್ಟು ವರ್ಷ ಗೋಲ್‍ಗುಂಬಜ್‍ದಂಥಾ ಪೈಜಾಮ ಹೊಲಿದೀನಿ, ಮಣಕಾಲಿಗೆ ಗಾದಿ ಹೊಲಿದದ್ದು ಇದ ಮೊದಲು," ಎಂದು ನಕ್ಕು ಕೊಟ್ಟ. ಅದನ್ನು ಕಟ್ಟಿಕೊಂಡು ಹುಡುಗಿ ಆಡಿದ್ದನ್ನು ಒಂದು ಸಂಜೆ ನೋಡಿದೆ. ನಾಲ್ಕು ಮಂದಿ ಮೇಲೆ ಬಿದ್ದರೂ ಕೆಳಗಿನಿಂದ ಜಾರಿ ಕೈ ಚಾಚಿ ನಡುಗೆರೆ ಮುಟ್ಟಿಬಿಡುತ್ತಿದ್ದಳು. ಅವಳ ಕಾಲಿನಲ್ಲಿ ಏನಿದೆ ಎಂದು ಟೀಚರು ಅಂದದ್ದು ಸುಳ್ಳಲ್ಲ.

ಹೊರಡಲು ಕೆಲವೇ ದಿನ ಇದ್ದಾಗ ಅಜ್ಜಿ ಮೊಮ್ಮಗಳ ಕೈ ಹಿಡಿದು ಕ್ಲಿನಿಕ್ಕಿಗೆ ಬಂದಳು. ಏನೂ ಹೇಳದೆ ಅವಳ ಲಂಗವನ್ನು ಮೊಣಕಾಲಿನವರೆಗೆ ಎತ್ತಿದಳು. ಗುಳ್ಳೆಗಳು ಮಾಯ್ದ ಜಾಗದಲ್ಲೆಲ್ಲ ಅಕ್ಕಿ ಕಾಳಿನಷ್ಟು, ಜೋಳದಷ್ಟು ಬಿಳಿಯ ಚುಕ್ಕೆಗಳು. ಕೆಲವು ಒಂದಕ್ಕೊಂದು ಕೂಡಿಕೊಳ್ಳುತ್ತಿದ್ದವು.

"ತೊನ್ನೇನು?" ಎಂದಳು ಅಜ್ಜಿ.

ಅಂಥ ಅಂಟಿನ ರಾಳದಲ್ಲಿ ಚರ್ಮಕ್ಕೆ ಬಣ್ಣ ಕೊಡುವ ಕಣಗಳನ್ನೇ ಕೊಲ್ಲುವ ಒಂದು ಪದಾರ್ಥ ಇರುತ್ತದೆ ಎಂದು ಓದಿದ್ದೆ. ಕಣ್ಣಾರೆ ನೋಡಿದ್ದು ಅವತ್ತೇ. ಇದು ತಾನಾಗಿ ಬರುವ ತೊನ್ನಲ್ಲ, ಅಂಟು ತಾಗದಿದ್ದರೆ ಮುಂದೆ ಹರಡಲಾರದು, ಬಣ್ಣ ಮತ್ತೆ ಬರಬಹುದು, ಆದರೆ ನಿಧಾನ, ವರ್ಷ ಹಿಡಿದೀತು ಎಂದು ಹೇಳಿದೆ. ಅಜ್ಜಿ ಕೇಳಿಸಿಕೊಂಡಳೋ ಇಲ್ಲವೋ. "ಮಂದಿಗೆ ಎರಡೂ ಒಂದ," ಎಂದಳು. ಹುಡುಗಿ ಮಾತ್ರ ನನ್ನನ್ನೇ ನೋಡುತ್ತಾ, "ಆಡಾಕ ಬರ್ತೈತಲ್ರಿ?" ಎಂದು ಕೇಳಿದಳು. ಆಟಕ್ಕೂ ಇದಕ್ಕೂ ಏನೂ ಸಂಬಂಧವಿಲ್ಲ ಎಂದೆ. ವೈದ್ಯಕೀಯದ ಪ್ರಕಾರ ಅದು ಸರಿಯಾದ ಉತ್ತರ.

ಸೆಲೆಕ್ಷನ್ನಿಗೆ ನಾನೂ ಹೋದೆ. ಸರ್ಟಿಫಿಕೇಟಿನ ಬಗ್ಗೆ ಯಾರಾದರೂ ಕೇಳಿದರೆ ಎದುರಿಗೆ ನಿಂತು ಹೇಳೋಣ ಎಂದು ಕ್ಲಿನಿಕ್ಕಿಗೆ ಬೀಗ ಹಾಕಿ ಹೊರಟಿದ್ದೆ. ಟೀಚರು ಹುಡುಗಿಗೆ ಚಡ್ಡಿಯ ಒಳಗೆ ಉದ್ದನೆಯ ಟ್ರ್ಯಾಕ್ ಪ್ಯಾಂಟು ಹಾಕಿಸಿ, ಅದರ ಮೇಲೆ ಚಾಚಾನ ದಿಂಬು ಕಟ್ಟಿದ್ದಳು. ಅಂಪೈರು ನೋಡಿದ ಕೂಡಲೇ ತಡೆದ. "ಎಲ್ಲಾರದೂ ಒಂದ ಉಡುಪು ಇರಬೇಕು. ಲಾಡಿ ಕಟ್ಟಿದ್ದಂತೂ ನಡಿಯಂಗಿಲ್ಲ, ಹಿಡಿಯವ್ರ ಬೆರಳು ಸಿಕ್ಕು ಮುರೀತಾವು. ಎಲಾಸ್ಟಿಕ್ ನೀ ಕ್ಯಾಪ್ ಇದ್ರ ಹಾಕ್ಕೊಳ್ಳಲಿ, ಇಲ್ಲಾ ಬಿಚ್ಚಲಿ," ಎಂದ. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಲಾಡಿಗೆ ಬೆರಳು ಸಿಕ್ಕರೆ ನಿಜವಾಗಿಯೂ ಮುರಿಯುತ್ತದೆ. ಹುಡುಗಿ ನಮ್ಮಿಬ್ಬರ ಮುಖ ನೋಡಿ, ತಾನೇ ದಿಂಬನ್ನೂ ಪ್ಯಾಂಟನ್ನೂ ಬಿಚ್ಚಿ ಟೀಚರಿನ ಕೈಗೆ ಕೊಟ್ಟು ಬರಿ ಮೊಣಕಾಲಲ್ಲಿ ಅಂಕಣಕ್ಕೆ ನಡೆದಳು.

ಕಬಡ್ಡಿ ಮುಟ್ಟುವ ಆಟ, ಹಿಡಿಯುವ ಆಟ. ಅದು ಗೊತ್ತಿದ್ದೂ ಮುಂದಿನದು ನನ್ನ ತಲೆಗೆ ಹೊಳೆದಿರಲಿಲ್ಲ. ಮೊದಲ ರೈಡಿನಲ್ಲಿ ಎದುರಿನ ಮೂಲೆಯ ಹುಡುಗಿ ಅವಳ ಕಾಲಿಗೆ ಕೈ ಹಾಕಿದಳು, ಬಿಳಿ ನೋಡಿ ಸರಕ್ಕನೆ ಕೈ ಹಿಂದಕ್ಕೆಳೆದು ತನ್ನ ಚಡ್ಡಿಗೆ ಒರೆಸಿಕೊಂಡಳು. "ತೊನ್ನು ಐತಿ ಲೇ, ಹಿಡೀಬ್ಯಾಡ್ರಿ," ಎಂದು ಪಕ್ಕದವಳು ಅಂದದ್ದು ಗೆರೆಯಾಚೆ ಕೂತ ನಮಗೂ ಕೇಳಿಸಿತು. ಅಲ್ಲಿಂದ ಮುಂದೆ ಅವಳು ಒಳಗೆ ಹೋದರೆ ಏಳೂ ಮಂದಿ ಹಿಂದೆ ಸರಿಯುವರು. ಮುಟ್ಟಿ ಬರುವಳು, ಅಂಕ ಸಿಗುವುದು. ನೋಡುತ್ತಿದ್ದವರು ಮೊದಲು ಚಪ್ಪಾಳೆ ತಟ್ಟಿದರು, ಆಮೇಲೆ ವಿಷಯ ತಿಳಿದು ನಗತೊಡಗಿದರು. ಟೀಚರು ಎದ್ದು ಅಂಪೈರನಿಗೆ ಏನೋ ಕೂಗಿದಳು. ಹಿಡಿಯದಿರುವುದು ಫೌಲ್ ಅಲ್ಲ ಎಂದು ಅವನು ಕೈಯಾಡಿಸಿದ.

ನಾಲ್ಕನೆಯದೋ ಐದನೆಯದೋ ರೈಡು. ಹುಡುಗಿ ಕಬಡ್ಡಿ ಕಬಡ್ಡಿ ಎನ್ನುತ್ತಾ ನೇರ ಮೂಲೆಗೆ ಹೋಗಿ, ಅಲ್ಲಿದ್ದವಳ ಮುಂದೆ ಕಾಲು ಚಾಚಿ ನಿಂತಳು. ಹಿಡಿ ಎಂದು ಕೇಳುವ ಹಾಗೆ ನಿಂತಳು. ಆ ಹುಡುಗಿ ಹೆದರಿ ಹಿಂದೆ ಹೆಜ್ಜೆಯಿಟ್ಟು ಅಂಕಣದ ಹೊರಗೇ ಹೋದಳು. ಗೆರೆ ದಾಟಿದರೆ ಔಟು, ಅಂಪೈರು ಸೀಟಿ ಊದಿ ಮತ್ತೊಂದು ಅಂಕ ಕೊಟ್ಟ. ಸುತ್ತಲೂ ನಗು ಎದ್ದಿತು. ನಮ್ಮ ಹುಡುಗಿ ಅಲ್ಲೇ ನಿಂತು, ಬಾಯಿ ಮುಚ್ಚಿದಳು. ಎದುರಾಳಿಯ ಅಂಕಣದಲ್ಲಿ ಕಬಡ್ಡಿ ಎನ್ನುವುದನ್ನು ನಿಲ್ಲಿಸಿ ಉಸಿರು ಬಿಟ್ಟರೆ ರೈಡರ್ ಔಟು. ಅಂಪೈರು ಕೈ ಎತ್ತುವ ಮೊದಲೇ ಅವಳು ಹೊರಗೆ ನಡೆದು ಬಂದಳು.

"ಯಾಕ ನಿಂತಿ?" ಎಂದು ಟೀಚರು ಅಳು ತುಂಬಿದ ದನಿಯಲ್ಲಿ ಗದರಿದಳು.

"ಅವ್ರು ಹಿಡೀವಲ್ರು ಟೀಚರ್," ಎಂದಷ್ಟೇ ಅಂದಳು.

ಪಟ್ಟಿ ಓದಿದಾಗ ಅವಳ ಹೆಸರು ಇರಲಿಲ್ಲ. ನಾನು ಆಯ್ಕೆ ಮಾಡುವವರ ಮೇಜಿನ ಹತ್ತಿರ ಹೋದೆ. ಅಲ್ಲಿ ಕೂತಿದ್ದವರು ಕೂದಲು ನೆರೆತ ಮನುಷ್ಯ, ಹಿಂದೆ ದೊಡ್ಡ ಆಟಗಾರರಂತೆ. ಸರ್ಟಿಫಿಕೇಟನ್ನು ಪೂರ್ತಿ ಓದಿ, ಮಡಚಿ ವಾಪಸು ಕೊಟ್ಟರು. "ನಿಮ್ಮ ಮಾತು ಒಪ್ತೀನ್ರಿ. ಅಂಟುರೋಗ ಅಲ್ಲ. ಪಾಯಿಂಟೂ ಬೇಕಾದಷ್ಟು ಮಾಡ್ಯಾಳ. ಆದ್ರ ಒಬ್ರೂ ಆಕಿನ್ನ ಹಿಡಿದಿಲ್ಲ. ಹಿಡಿದ್ರ ಬಿಡಿಸ್ಕೊಂಡು ಬರೋ ತಾಕತ್ತು ಐತೋ ಇಲ್ಲೋ, ನಾವು ಹೆಂಗ ತಿಳಕೋಬೇಕು?" ಎಂದರು. ಹಾಗಾದರೆ ಹಿಡಿಯಲು ಹೇಳಿ, ಮತ್ತೊಮ್ಮೆ ಆಡಿಸಿ ಎಂದೆ. "ಮಂದಿ ಮಕ್ಕಳಿಗೆ ಮುಟ್ರಿ ಅಂತ ಹೆಂಗ ಒತ್ತಾಯ ಮಾಡೂದ್ರಿ ಮೇಡಂ," ಎಂದು ಎದ್ದು ನಿಂತರು. ಬೈಯಲು ಹೊರಟೆ. ಆದರೆ ಬೈಯುವ ಬದಲು ಕೈಯಲ್ಲಿದ್ದ ಸರ್ಟಿಫಿಕೇಟನ್ನು ಅಲ್ಲೇ ಹರಿದು ಬಂದೆ.

ಬಯಲು ಖಾಲಿಯಾಗುತ್ತಿತ್ತು. ಶಾಮಿಯಾನದವರು ಗೂಟ ಕೀಳುತ್ತಿದ್ದರು. ಹುಡುಗಿ ಗೋಡೆಯ ಪಕ್ಕದ ಬೇವಿನ ಮರದ ಕೆಳಗೆ ಕೂತಿದ್ದಳು, ಇನ್ನೂ ಬಟ್ಟೆ ಬದಲಾಯಿಸಿರಲಿಲ್ಲ. ಬಸ್ಸಿಗೆ ಹೊತ್ತಾಯಿತು ಏಳು ಎಂದು ಟೀಚರು ಕರೆದಾಗ ಎದ್ದಳು. ಎದ್ದವಳು ಹೆಬ್ಬೆರಳಿನಿಂದ ಮಣ್ಣಿನಲ್ಲಿ ಒಂದು ಗೆರೆ ಎಳೆದು, ಅದರಿಂದ ದೂರ ಹೋಗಿ ನಿಂತಳು.

"ಹಿಡೀರಿ ಟೀಚರ್," ಎಂದಳು.

"ಹುಚ್ಚಿ, ಈಗೇನು..."

"ಒಮ್ಮೆ ಹಿಡೀರಿ."

ಟೀಚರು ಬಗ್ಗಿ ಅವಳ ಪಾದ ಹಿಡಿದಳು. ಹುಡುಗಿ ಕೆಳಗೆ ನೋಡಿ, "ಅಲ್ಲಲ್ಲ, ಮಣಕಾಲು," ಎಂದಳು. ಟೀಚರಿನ ಕೈ ಮೇಲೆ ಬಂತು, ಮೀನಖಂಡದ ಹತ್ತಿರ ಒಂದು ಗಳಿಗೆ ತಡೆಯಿತು. ಪರೀಕ್ಷೆಯ ಚೂರುಗಳನ್ನು ತನ್ನ ಬೆನ್ನಿಗೇ ಅಂಟಿಸಿಕೊಂಡ ಹೆಂಗಸು ಅವಳು. ಅವಳ ಕೈಯೂ ತಡೆದದ್ದನ್ನು ನಾನೂ ನೋಡಿದೆ, ಹುಡುಗಿಯೂ ನೋಡಿದಳು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ, ನೆಲಕ್ಕೆ ಕೂತು, ಎರಡೂ ಕೈಯಿಂದ ಅವಳ ಇನ್ನೊಂದು ಮೊಣಕಾಲನ್ನು ತಬ್ಬಿ ಹಿಡಿದೆ. ಆಗ ಟೀಚರೂ ಅಳುತ್ತಾ ಹಿಡಿದಳು.

"ಗಟ್ಟಿ ಹಿಡೀರಿ. ಬಿಡಬ್ಯಾಡ್ರಿ," ಎಂದು ಹುಡುಗಿ ಉಸಿರು ತೆಗೆದುಕೊಂಡಳು.

ಕಬಡ್ಡಿ ಕಬಡ್ಡಿ ಎಂದು ಶುರು ಮಾಡಿ ಎಳೆದಳು. ನಾವು ಬಿಡಲಿಲ್ಲ. ಬಿಟ್ಟುಕೊಟ್ಟೆವೆಂದು ಅವಳು ಯಾವತ್ತೂ ಅಂದುಕೊಳ್ಳಬಾರದೆಂದು ಹಲ್ಲು ಕಚ್ಚಿ ಹಿಡಿದೆವು. ಅವಳು ಮಂಡಿಯೂರಿ ಬಿದ್ದಳು, ಹೊಟ್ಟೆಯ ಮೇಲೆ ತೆವಳಿದಳು. ಇಬ್ಬರು ದೊಡ್ಡ ಹೆಂಗಸರು ಅವಳ ಕಾಲಿಗೆ ಜೋತು ಬಿದ್ದು ಮಣ್ಣಿನಲ್ಲಿ ದರದರನೆ ಎಳೆಸಿಕೊಂಡು ಹೋದೆವು. ನನ್ನ ಮೊಣಕೈ ಸುಲಿಯಿತು, ಸೀರೆ ಹರಿಯಿತು. ಅವಳ ಬೆರಳುಗಳು ಗೆರೆಯನ್ನು ದಾಟಿದವು.

ನಾವು ಕೈ ಬಿಟ್ಟೆವು. "ದಾಟಿದಿ, ಆತವ್ವ, ಸಾಕು," ಎಂದು ಟೀಚರು ಅವಳ ಬೆನ್ನು ಸವರಿದಳು. ಹುಡುಗಿ ಮುಖವನ್ನು ಮಣ್ಣಿಗೆ ಒತ್ತಿಕೊಂಡು, ಕೈಯನ್ನು ಗೆರೆಯ ಆಚೆಗೇ ಇಟ್ಟುಕೊಂಡು, ಕಬಡ್ಡಿ ಕಬಡ್ಡಿ ಎನ್ನುತ್ತಲೇ ಇದ್ದಳು.